ತಾಳ್ಮೆಯ ಕುರಿಗಾಹಿ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನಾವ್ಲಿಂ ಎಂಬ ತಾಯಿಯ ತವರೂರಿನಲ್ಲಿ. ತಂದೆಯ ಊರು ಸಾಂಕ್ವಾಳ. ದೇವರ ಭಯಭಕ್ತಿಯ ಮನೆತನ. 1676ರಲ್ಲಿ ಅವರು ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನೇ ಮಾತೆ ಮರಿಯಮ್ಮನವರ ದಾಸನೆಂದು ಬರೆದು ಒಪ್ಪಿಸಿಕೊಂಡರು. ಮುಂದೆ ಎಷ್ಟೇ ಅಧಿಕಾರ ಬಂದ್ರೂ ಅವರು ದಾಸರಾಗಿಯೇ ಉಳಿದರು.

ಆ ಕಾಲದಲ್ಲಿ ಸಿಲೋನಿನ, ಅಂದ್ರೆ ಇಂದಿನ ಶ್ರೀಲಂಕಾದ ಕಥೋಲಿಕರಿಗೆ ದೊಡ್ಡ ಕಷ್ಟ ಬಂದಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತಿಮ ಸಂಸ್ಕಾರವೂ ಇಲ್ಲ. ಇದನ್ನು ಕೇಳಿದ ವಾಜರು ಅಲ್ಲಿಗೆ ಹೋಗಲು ಅಪ್ಪಣೆ ಬೇಡಿದರು. ಆದರೆ ಹಿರಿಯರು ಅವರನ್ನು ಕಳಿಸಿದ್ದು ಕೆನರಾಕ್ಕೆ, ನಮ್ಮ ಕರಾವಳಿಗೆ. ಮನಸ್ಸು ಒಂದು ಕಡೆ, ಆಜ್ಞೆ ಇನ್ನೊಂದು ಕಡೆ. ವಾಜರು ಮರುಮಾತಾಡದೆ 1681ರಲ್ಲಿ ಹೊರಟು ಬಂದರು.

ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಧರ್ಮಸಭೆಯೊಳಗೆ ಮಾತ್ರ ದೊಡ್ಡ ಜಗಳ ನಡೆದಿತ್ತು. ಗೋವಾದ ಧರ್ಮಾಧಿಕಾರಿಗಳು ಕೆನರಾ ತಮಗೆ ಸೇರಿದ್ದು ಅಂದರೆ, ರೋಮಿನಿಂದ ನೇಮಕಗೊಂಡಿದ್ದ ಬಿಷಪ್ ತೋಮಸ್ ದೆ ಕ್ಯಾಸ್ಟ್ರೊ ಅದು ತಮ್ಮದು ಅಂದರು. ಜನರೂ ಎರಡು ಪಾಲಾದರು. ಯಾವ ಗುರು ಕೊಟ್ಟ ಸಂಸ್ಕಾರ ಸರಿ, ಯಾವುದು ಸರಿಯಲ್ಲ ಅಂತ ಬಡ ವಿಶ್ವಾಸಿಗಳಿಗೆ ದಿಗಿಲು. ಗೋವಾದಿಂದಲೇ ಅಧಿಕಾರ ಪಡೆದು ಬಂದ ವಾಜರು ಒಂದು ಪಕ್ಷ ಹಿಡಿದು ಎದುರಾಳಿಯನ್ನು ಸೋಲಿಸಬಹುದಿತ್ತು. ಹಾಗೆ ಮಾಡಲಿಲ್ಲ. ತಾವೇ ಬಿಷಪರ ಬಳಿಗೆ ಹೋಗಿ ವಿನಯದಿಂದ ಮಾತಾಡಿದರು. ರೋಮಿನಿಂದ ಸ್ಪಷ್ಟ ಆದೇಶ ಬರುವವರೆಗೆ ಜನರ ಆತ್ಮಗಳಿಗೆ ನಷ್ಟವಾಗಬಾರದು ಅನ್ನೋದೊಂದೇ ಅವರ ಚಿಂತೆ. ಮಾತು ಫಲಿಸಿತು, ಅಲ್ಲಿಯವರೆಗೆ ಸೇವೆ ನಡೆಸಲು ಬಿಷಪರಿಂದಲೂ ಅಧಿಕಾರ ದೊರೆಯಿತು.

ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು ಅಂತ ಬರಿಗಾಲಲ್ಲೇ ನಡೆದು, ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು. ಮುಡಿಪು ಬೆಟ್ಟದ ನೀರಿನ ಕಥೆ ಇದೇ ಕಾಲದ್ದು. ರಾತ್ರಿ ಹೊತ್ತು ಸಾಯುವವರೊಬ್ಬರಿಗೆ ಸಂಸ್ಕಾರ ಕೊಡಬೇಕು ಅಂತ ಸುಳ್ಳು ಹೇಳಿ ವೈರಿಗಳು ಅವರನ್ನು ಬೆಟ್ಟಕ್ಕೆ ಕರೆಸಿದರೆಂದೂ, ಅವರು ಊರುಗೋಲು ಊರಿದ ಬಂಡೆಯಿಂದ ನೀರು ಚಿಮ್ಮಿತೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ.

1684ರಲ್ಲಿ ಗೋವಾಕ್ಕೆ ಮರಳಿದ ವಾಜರು, ಮರುವರ್ಷ ಕೆಲವು ಗೋವಾ ಗುರುಗಳೊಂದಿಗೆ ಒರೆಟರಿ ಸಂಘ ಕಟ್ಟಿ ಅದರ ಮುಖ್ಯಸ್ಥರಾದರು. ಸಿಲೋನಿನ ಆಸೆ ಮಾತ್ರ ಆರಿರಲಿಲ್ಲ. ಕೊನೆಗೂ ಅಪ್ಪಣೆ ಸಿಕ್ಕಿ, 1687ರಲ್ಲಿ ಕೂಲಿಯವನ ವೇಷದಲ್ಲಿ, ಜಾನ್ ಎಂಬ ನಂಬಿಕಸ್ಥ ಸೇವಕನೊಂದಿಗೆ ದ್ವೀಪಕ್ಕೆ ಕಾಲಿಟ್ಟರು. ಕಾಲಿಟ್ಟ ಕೂಡಲೇ ಆಮಶಂಕೆ. ಯಾರೋ ಕರುಣೆಯಿಂದ ಕೊಟ್ಟ ಗಂಜಿಯಿಂದ ಜೀವ ಉಳಿಯಿತು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ಅರಳುತ್ತೆ ಅಂತ ನೋಡುವುದೇ ಅವರ ಉಪಾಯ. ಹೀಗೆ ಬಚ್ಚಿಟ್ಟುಕೊಂಡಿದ್ದ ವಿಶ್ವಾಸಿಗಳನ್ನು ಒಬ್ಬೊಬ್ಬರಾಗಿ ಹುಡುಕಿದರು. ಹಗಲು ಅಡಗಿದ್ದು, ರಾತ್ರಿ ಬಲಿಪೂಜೆ ಅರ್ಪಿಸುತ್ತಿದ್ದರು. 1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಡಚ್ ಸೈನಿಕರು ದಾಳಿ ಮಾಡಿದರು. ವಾಜರು ತಪ್ಪಿಸಿಕೊಂಡರು, ಆದರೆ ಅನೇಕ ವಿಶ್ವಾಸಿಗಳು ಸೆರೆಯಾದರು.

1692ರಲ್ಲಿ ಅವರು ಕ್ಯಾಂಡಿಯ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ರಾಜ್ಯಕ್ಕೆ ಹೋದರು. ಪೋರ್ಚುಗೀಸರ ಗೂಢಚಾರ ಅಂತ ಯಾರೋ ಚಾಡಿ ಹೇಳಿದ್ದರಿಂದ ನೇರ ಸೆರೆಮನೆ ಸೇರಬೇಕಾಯಿತು. ವಾಜರು ಗೊಣಗಲಿಲ್ಲ, ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದಾಗ ಚಿಕ್ಕದೊಂದು ಗುಡಿಸಲು ಕಟ್ಟಿ ಅದನ್ನೇ ದೇವಾಲಯ ಮಾಡಿಕೊಂಡರು. ಬರಗಾಲ ಬಂದಾಗ ಅವರು ಚೌಕದಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಲು ಮಳೆ ಸುರಿಯಿತೆಂದು ಪ್ರತೀತಿ. ಮುಂದೆ ಅರಸನು ಅವರಿಗೆ ರಾಜ್ಯದಲ್ಲಿ ಓಡಾಡಿ ಸೇವೆ ಮಾಡುವ ಸ್ವಾತಂತ್ರ್ಯ ಕೊಟ್ಟನು.

ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಆಮೇಲೆ ಗೋವಾದಿಂದ ಜೊತೆಗಾರರು ಬಂದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಉಳ್ಳವರೆಲ್ಲಾ ಊರು ಬಿಟ್ಟರು, ರೋಗಿಗಳನ್ನು ಸ್ವಂತದವರೇ ಬಿಟ್ಟು ಹೋದರು. ವಾಜರು ಮತ್ತು ಅವರ ಅಕ್ಕರೆಯ ಬಂಧು ಫಾದರ್ ಜೋಸೆಫ್ ಕರ್ವಾಲೊ ಮಾತ್ರ ಅಲ್ಲೇ ನಿಂತರು. ಇವರು ನಮ್ಮವರು, ಅವರು ಬೇರೆ ಧರ್ಮದವರು ಅಂತ ನೋಡದೆ ಹುಣ್ಣು ತೊಳೆದರು, ಊಟ ಕೊಟ್ಟರು, ಸತ್ತವರನ್ನು ಹೂಳಿದರು. ಮಾತಿನಿಂದ ಆಗದ್ದು ಈ ಸೇವೆಯಿಂದ ಆಯಿತು. ಅರಸನ ಗೌರವ ಇನ್ನೂ ಹೆಚ್ಚಿತು.

ಅವರನ್ನು ಬಿಷಪರನ್ನಾಗಿ ಮಾಡುವ ಮಾತು ಬಂದಾಗ ಒಪ್ಪಲಿಲ್ಲ. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸ್ ಅವರಂಥ ಕಿರಿಯರಿಗೆ ಕೆಲಸ ಒಪ್ಪಿಸಿ ಬೆನ್ನು ತಟ್ಟಿದರು. ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಕೃತಿ ಬರೆದು ಆ ಸಭೆಗೆ ಅದರದೇ ಭಾಷೆಯ ಪ್ರಾರ್ಥನೆ ಕೊಟ್ಟರು. ಬೆಳೆಯನ್ನು ಇನ್ನೊಬ್ಬರು ಕೊಯ್ಯಲಿ ಅಂತ ಬಿತ್ತುವುದು ಸುಲಭವಲ್ಲ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜರು ದೈವಾಧೀನರಾದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಹುಟ್ಟೂರಿಗೆ ಮರಳಿರಲಿಲ್ಲ. 1995ರ ಜನವರಿ 21ರಂದು ಕೊಲಂಬೊದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದೂ ಘೋಷಿಸಿದರು. ಸಂತ ಪದವಿಗೂ ಅವರು ಮುನ್ನೂರ ನಾಲ್ಕು ವರ್ಷ ಕಾಯಬೇಕಾಯಿತು!

ಬೆಟ್ಟ ಹತ್ತಿ ಬಂದ ಭಕ್ತಾದಿಗಳೇ, ಮನೆಯ ಯಜಮಾನರಿರಲಿ, ಸಂಘದ ಮುಖಂಡರಿರಲಿ, ಗುರುಗಳಿರಲಿ, ಕೇಳಿದ್ದು ಕೂಡಲೇ ಸಿಗಲಿಲ್ಲ ಅಂತ ಎದೆಗುಂದಬೇಡಿ. ಸಿಲೋನ್ ಬೇಡಿದ ವಾಜರಿಗೆ ದೇವರು ಮೊದಲು ಕೆನರಾ ಕೊಟ್ಟರು. ಆ ಕಾಯುವಿಕೆಯಿಂದಲೇ ನಮ್ಮ ಕರಾವಳಿಗೆ ಒಬ್ಬ ಸಂತ ದೊರೆತರು. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.