ಕನ್ನಡ ಕ್ರಿಯಾಪದಗಳ ಮರ್ಮಜ್ಞ ರೆವರೆಂಡ್ ಕಿಟ್ಟೆಲ್

ಕನ್ನಡ ನುಡಿಗಾಗಿ ತಮ್ಮ ಬಾಳನ್ನೇ ಸವೆಸಿದ ಪರದೇಶೀಯರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಹೆಸರು ಅಗ್ರಗಣ್ಯವಾದುದು. ಅವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಕಿಟ್ಟೆಲರು ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಕನ್ನಡ ನಾಡಿಗೆ ಬಂದರು.

ಅವರು ಬಂದುದು ಮತಪ್ರಚಾರದ ಕಾರ್ಯಕ್ಕಾಗಿ. ಆದರೆ ಜನರ ನುಡಿಯನ್ನೂ ಕಾವ್ಯಗಳನ್ನೂ ಅರಿಯದೆ ಜನರ ಹೃದಯವನ್ನು ಅರಿಯಲಾಗದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲೆಸಿ ಹಳಗನ್ನಡವನ್ನು ಶ್ರದ್ಧೆಯಿಂದ ಅಭ್ಯಸಿಸಿದರು. 1862ರಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ರಚಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ವೀರಶೈವ ಕಥೆಗಳನ್ನು ಆಂಗ್ಲ ಭಾಷೆಯ ಓದುಗರಿಗೆ ಪರಿಚಯಿಸಿದರು. ‘ಬಸವಪುರಾಣ’ದ ಪದಸಂಪತ್ತಿಗೆ ಅವರ ನಿಘಂಟಿನಲ್ಲಿ ಸ್ಥಾನ ದೊರೆತುದು ನಮಗೆ ಅಭಿಮಾನದ ಸಂಗತಿ.

ಆ ಕನ್ನಡ–ಇಂಗ್ಲಿಷ್ ನಿಘಂಟೇ ಅವರ ಜೀವಮಾನದ ತಪಸ್ಸು. ಒಂದು ನುಡಿಯ ನಾಮಪದಕ್ಕೆ ಇನ್ನೊಂದು ನುಡಿಯಲ್ಲಿ ಸಮಾನಪದವನ್ನು ಹುಡುಕುವುದು ಅಷ್ಟೊಂದು ಕಷ್ಟವಲ್ಲ. ಕ್ರಿಯಾಪದದ ಮರ್ಮ ಅಷ್ಟು ಸುಲಭವಾಗಿ ತಿಳಿಯುವಂತಹುದಲ್ಲ. ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಇಂದಿಗೂ ತೊಡಕುವುದು ಇಲ್ಲಿಯೇ.

ಬೈರಮಂಗಲದ ಬಾಲಕನು ಕೆರೆ ದೊಡ್ಡದು ಎಂದರೆ ಕನ್ನಡ ವಾಕ್ಯ ಪೂರ್ಣವಾಯಿತು; ಅಲ್ಲಿ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಾದರೋ ಕೆರೆಯನ್ನೂ ಅದರ ಗುಣವನ್ನೂ ‘ಈಸ್’ ಎಂಬ ಪದದಿಂದ ಬೆಸೆಯಲೇಬೇಕು. ಈ ಪದವು ಯಾವ ಕೆಲಸವನ್ನೂ ಹೇಳದು; ಕರ್ತೃವನ್ನು ಅದರ ಗುಣದೊಡನೆ ಕೂಡಿಸುವುದಷ್ಟೇ ಅದರ ಧರ್ಮ. ನೀರು ಹರಿಯುತ್ತದೆ ಎಂಬಲ್ಲಿಯಾದರೆ ಕ್ರಿಯಾಪದವು ನಿಜವಾದ ಕ್ರಿಯೆಯನ್ನೇ ಸೂಚಿಸುತ್ತದೆ.

ಕೆಲವು ಇಂಗ್ಲಿಷ್ ಪದಗಳು ಎರಡು ಪಾತ್ರಗಳನ್ನೂ ವಹಿಸುತ್ತವೆ. ಬಾಲಕನು ಕೆರೆಯತ್ತ ನೋಡುತ್ತಾನೆ ಎಂಬಲ್ಲಿಯೂ ಕೆರೆ ದೊಡ್ಡದಾಗಿ ಕಾಣುತ್ತದೆ ಎಂಬಲ್ಲಿಯೂ ಇಂಗ್ಲಿಷರು ‘ಲುಕ್’ ಎಂಬ ಒಂದೇ ಪದವನ್ನು ಬಳಸುತ್ತಾರೆ. ಆ ಪದದ ಸ್ಥಾನದಲ್ಲಿ ‘ಈಸ್’ ಅನ್ನು ಇಟ್ಟು ನೋಡಿದರೆ ಭೇದ ತಿಳಿಯುತ್ತದೆ. ಕೆರೆಯ ವಾಕ್ಯದ ಅರ್ಥ ಬಹುಮಟ್ಟಿಗೆ ಉಳಿಯುತ್ತದೆ, ಆದುದರಿಂದ ಅಲ್ಲಿ ಅದು ಬೆಸೆಯುವ ಪದ. ಬಾಲಕನ ವಾಕ್ಯದ ಅರ್ಥವೇ ಬೇರೆಯಾಗುತ್ತದೆ, ಆದುದರಿಂದ ಅಲ್ಲಿ ಅದು ಕ್ರಿಯೆಯನ್ನು ಹೇಳುವ ಪದ. ಕನ್ನಡಕ್ಕೆ ಈ ಪರೀಕ್ಷೆಯ ಅವಶ್ಯಕತೆಯೇ ಇಲ್ಲ. ನೋಡು, ಕಾಣು ಎಂಬ ಎರಡು ಧಾತುಗಳು ಇಲ್ಲಿ ಆ ಭೇದವನ್ನು ತಾವೇ ತೋರುತ್ತವೆ.

ಇಂತಹ ಸೂಕ್ಷ್ಮಗಳಿಂದ ಕೂಡಿದ ಸುಮಾರು 70,000 ಪದಗಳನ್ನು ಒಂದೊಂದಾಗಿ ತೂಗಿ ಅರ್ಥ ಹೇಳುವುದು ಎಂತಹ ಸಾಹಸ! ಎರಡು ದಶಕಗಳಿಗೂ ಮೀರಿದ ದುಡಿಮೆಯ ಫಲವಾಗಿ ಆ ಮಹಾ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಆಗಲೂ ಅವರು ವಿಶ್ರಮಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಬೆಳಕು ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ದಿವಂಗತರಾದರು.

ಪರನುಡಿಯನ್ನು ಚೆನ್ನಾಗಿ ಕಲಿತವನಿಗೆ ತನ್ನ ನುಡಿಯ ಸೊಬಗೂ ಹೊಸದಾಗಿ ಗೋಚರಿಸುತ್ತದೆ. ಕಿಟ್ಟೆಲರು ಕನ್ನಡವನ್ನು ಕಲಿತ ಶ್ರದ್ಧೆಯಿಂದ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯಲಿ. ಕಲಿಯುವಾಗ ಕನ್ನಡವನ್ನು ಮರೆಯದಿರಲಿ. ಆ ಮಹನೀಯರಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದೇ ಆಗಿದೆ.