ಡಿಎನ್‌ಎ ಟೆಸ್ಟ್ ಮೂಳೆಯ ಹೆಸರು, ಧರ್ಮ ಎಲ್ಲ ಹೇಳುತ್ತಾ? ಗೋವಾದಲ್ಲಿ ಸಿಕ್ಕ ರಾಣಿ ಕೆಟೆವಾನ್ ಕಥೆ ನೋಡಿ

ಮಸೂತಿಯ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದ ಫಾರ್ವರ್ಡ್ ನಮಗೂ ಬಂತು. ಒಂದು ತುಂಡು ಮೂಳೆ ಇದ್ದರೆ ಸಾಕು, ಅದು ಯಾರದು, ಯಾವ ಜಾತಿ, ಯಾವ ಧರ್ಮ ಎಂದು ಡಿಎನ್‌ಎ ಪರೀಕ್ಷೆ ನೂರಕ್ಕೆ ನೂರು ಹೇಳುತ್ತದೆ ಎನ್ನುವುದು ಅದರ ಸಾರ. ಓದಿದವರು ನಿಜ ಇರಬೇಕು ಎಂದು ಮುಂದಕ್ಕೆ ಕಳಿಸಿದ್ದಾರೆ.

ನಾವು ಇದನ್ನು ಪರಿಶೀಲಿಸಲು ಒಬ್ಬ ರಾಣಿಯ ಬದುಕನ್ನು ಆರಿಸಿಕೊಂಡಿದ್ದೇವೆ. ಆಕೆ ತೀರಿಕೊಂಡು 400 ವರ್ಷ ಕಳೆದಿದೆ. ಹುಟ್ಟಿದ್ದು ಜಾರ್ಜಿಯಾದಲ್ಲಿ, ಸತ್ತಿದ್ದು ಇರಾನ್‌ನಲ್ಲಿ, ಮೂಳೆ ಸಿಕ್ಕಿದ್ದು ನಮ್ಮ ಪಕ್ಕದ ಗೋವಾದಲ್ಲಿ.

ಯಾರು ಈ ಕೆಟೆವಾನ್?

ಕೆಟೆವಾನ್ ಹುಟ್ಟಿದ್ದು 1560ರ ಸುಮಾರಿಗೆ, ಜಾರ್ಜಿಯಾದ ಬಗ್ರಾತಿಯೋನಿ ರಾಜವಂಶದಲ್ಲಿ. ಮದುವೆಯಾಗಿದ್ದು ಪೂರ್ವ ಜಾರ್ಜಿಯಾದ ಕಾಖೇತಿ ರಾಜ್ಯದ ರಾಜಕುಮಾರ ಡೇವಿಡ್‌ನನ್ನು. ಆತ ರಾಜನಾಗಿ ವರ್ಷ ತುಂಬುತ್ತಿದ್ದಂತೆಯೇ, 1602ರಲ್ಲಿ ತೀರಿಕೊಂಡ.

1605ರಲ್ಲಿ ಮೈದುನ ಕಾನ್‌ಸ್ಟಂಟೈನ್ ಇರಾನಿನ ಶಾ ಅಬ್ಬಾಸನ ಬೆಂಬಲದಿಂದ ಸ್ವಂತ ತಂದೆಯನ್ನೂ ಅಣ್ಣನನ್ನೂ ಕೊಲ್ಲಿಸಿ ಗದ್ದುಗೆ ಏರಿದ. ಕೆಟೆವಾನ್ ಸರದಾರರನ್ನು ಒಗ್ಗೂಡಿಸಿ ಅವನ ವಿರುದ್ಧ ನಿಂತಳು. ಕಾನ್‌ಸ್ಟಂಟೈನ್ ಯುದ್ಧದಲ್ಲಿ ಸತ್ತ. ಮಗ ತೈಮುರಾಜ್ ಪಟ್ಟಕ್ಕೆ ಬಂದ. ಅವನಿನ್ನೂ ಚಿಕ್ಕವನಾಗಿದ್ದರಿಂದ ಆಡಳಿತವನ್ನು ತಾಯಿಯೇ ನೋಡಿಕೊಂಡಳು.

ಕೆಲವೇ ವರ್ಷಗಳಲ್ಲಿ ಶಾ ಅಬ್ಬಾಸ್ ಮತ್ತೆ ದಂಡೆತ್ತಿ ಬರುವ ಸೂಚನೆ ಸಿಕ್ಕಿತು. ರಾಜ್ಯ ಉಳಿಯಲಿ ಎಂದು ಕೆಟೆವಾನ್ ತಾನೇ ಸಂಧಾನಕ್ಕೆ ಹೋದಳು. ಇಬ್ಬರು ಮೊಮ್ಮಕ್ಕಳೂ ಶಾನ ಕೈಗೆ ಒತ್ತೆಯಾಳುಗಳಾಗಿ ಸಿಕ್ಕರು. ದಾಳಿ ಆದರೂ ತಪ್ಪಲಿಲ್ಲ. ರಾಣಿ ಸುಮಾರು ಹತ್ತು ವರ್ಷ ಶಿರಾಜ್ ನಗರದಲ್ಲಿ ಸೆರೆಯಲ್ಲಿ ಕಳೆದಳು. ಕೊನೆಗೆ ಕ್ರೈಸ್ತ ಧರ್ಮ ಬಿಡಬೇಕೆಂಬ ಆಜ್ಞೆ ಬಂತು. ಆಕೆ ಒಪ್ಪಲಿಲ್ಲ. 1624ರ ಸೆಪ್ಟೆಂಬರ್‌ನಲ್ಲಿ ಕಾದ ಕಬ್ಬಿಣದಿಂದ ಚಿತ್ರಹಿಂಸೆ ಕೊಟ್ಟು ಕೊಂದರು. ಜಾರ್ಜಿಯಾದ ಚರ್ಚ್ ಆಕೆಯನ್ನು ಸಂತಳೆಂದು ಗೌರವಿಸುತ್ತದೆ.

ಗೋವಾಕ್ಕೆ ಬಂದಿದ್ದು ಹೇಗೆ?

ಆಗ ಶಿರಾಜ್‌ನಲ್ಲಿ ಪೋರ್ಚುಗಲ್‌ನ ಅಗಸ್ಟಿನಿಯನ್ ಪಾದ್ರಿಗಳಿದ್ದರು. ಅವರು ಗುಟ್ಟಾಗಿ ರಾಣಿಯ ಅವಶೇಷ ತೆಗೆದರು. ಒಂದು ಭಾಗ ಜಾರ್ಜಿಯಾಕ್ಕೆ ಮಗನ ಬಳಿ ಹೋಯಿತು. ಇನ್ನೊಂದು ಭಾಗ 1627ರಲ್ಲಿ ಹಳೇ ಗೋವಾದ ಅವರ ಮಠ ಸೇರಿತು.

ಈ ಗೋವಾ 1510ರವರೆಗೆ ನಮ್ಮ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಬಂದರು. ರಾಣಿಯ ಮೂಳೆ ಅಲ್ಲಿಗೆ ಬಂದ 1627ರಲ್ಲೇ ಇಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾ ತೀರಿಕೊಂಡು, ಗೋಲಗುಮ್ಮಟದ ಮಹಮ್ಮದ್ ಆದಿಲ್‌ಶಾ ಪಟ್ಟಕ್ಕೆ ಬಂದ.

ಅವಶೇಷವನ್ನು ಮಠದ ಒಂದು ಕೋಣೆಯಲ್ಲಿ, ಎರಡನೇ ಕಿಟಕಿಯ ಬಳಿ ಕಲ್ಲಿನ ಪೆಟ್ಟಿಗೆಯಲ್ಲಿ ಇಡಲಾಗಿದೆ ಎಂದು ಪೋರ್ಚುಗೀಸ್ ದಾಖಲೆಗಳಲ್ಲಿ ಇತ್ತು. 1835ರಲ್ಲಿ ಮಠ ಖಾಲಿಯಾಯಿತು, 1842ರಲ್ಲಿ ಚರ್ಚ್‌ನ ಚಾವಣಿ ಕುಸಿಯಿತು. ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಅಗೆಯುತ್ತಾ ಹೋಗಿ, 2004ರಲ್ಲಿ ತೋಳಿನ ಮೂಳೆಯ ತುಂಡೊಂದನ್ನು ಪತ್ತೆ ಮಾಡಿತು. ಇದು ರಾಣಿಯದೇ?

ಡಿಎನ್‌ಎ ಏನು ಹೇಳಿತು?

ಮೂಳೆ ಹೈದರಾಬಾದ್‌ನ ಸಿಸಿಎಂಬಿ ಸಂಸ್ಥೆಗೆ ಹೋಯಿತು. ಅಲ್ಲಿನ ವಿಜ್ಞಾನಿಗಳು ನೋಡಿದ್ದು ಮೈಟೊಕಾಂಡ್ರಿಯದ ಡಿಎನ್‌ಎ. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಒಂದು ಜೀವಕೋಶದಲ್ಲಿ ಇದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಸಿಗುತ್ತದೆ. ಆದರೆ ಒಂದೇ ತಾಯಿಯ ವಂಶದ ಎಲ್ಲರಲ್ಲೂ ಇದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇದೊಂದರಿಂದಲೇ ಒಬ್ಬ ವ್ಯಕ್ತಿಯನ್ನು ಗುರುತಿಸಲು ಆಗುವುದಿಲ್ಲ.

ಮೂಳೆಯಲ್ಲಿ ಸಿಕ್ಕ ಗುರುತು ಯು1ಬಿ ಎಂಬ ಗುಂಪಿಗೆ ಸೇರಿದ್ದು. ಭಾರತದ ಸುಮಾರು 22 ಸಾವಿರ ಜನರ ಮಾದರಿಗಳ ಜೊತೆ ಹೋಲಿಸಿದರೆ ಒಬ್ಬರಲ್ಲೂ ಅದು ಇರಲಿಲ್ಲ. ಜಾರ್ಜಿಯಾದ 30 ಮಾದರಿಗಳಲ್ಲಿ 2ರಲ್ಲಿ ಇತ್ತು.

ಇಲ್ಲೊಂದು ಮುಖ್ಯ ವಿಷಯ ಗಮನಿಸಿ. ಇದೇ ಮೂಳೆ ಜಾರ್ಜಿಯಾದಲ್ಲಿ ಸಿಕ್ಕಿದ್ದರೆ ಈ ಗುರುತಿಗೆ ಹೆಚ್ಚು ಬೆಲೆ ಇರುತ್ತಿರಲಿಲ್ಲ, ಅಲ್ಲಿ ಅದು ಅಪರೂಪವಲ್ಲ. ಗೋವಾದಲ್ಲಿ ಸಿಕ್ಕಿದ್ದರಿಂದ ಅದು ದೊಡ್ಡ ಸುಳಿವಾಯಿತು. ಗುರುತು ಅದೇ, ಜನಸಮುದಾಯ ಬದಲಾದಂತೆ ಅದರ ತೂಕ ಬದಲಾಯಿತು.

ಹಾಗಿದ್ದರೂ ವಿಜ್ಞಾನಿಗಳು ಇದು ರಾಣಿಯದೇ ಎಂದು ಖಡಾಖಂಡಿತ ಬರೆಯಲಿಲ್ಲ. ಬಹುಶಃ ಆಕೆಯದು ಎಂದಷ್ಟೇ ಬರೆದರು. ಆ ಕಾಲದ ಗೋವಾಕ್ಕೆ ಹಲವು ದೇಶದವರು ಬಂದು ಹೋಗುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ದಾಖಲೆ, ಮೂಳೆ ಸಿಕ್ಕ ಜಾಗ, ಡಿಎನ್‌ಎ ಮೂರೂ ಒಂದೇ ಕಡೆ ಬೆರಳು ತೋರಿಸಿದ್ದರಿಂದ ಆ ತೀರ್ಮಾನಕ್ಕೆ ಬಲ ಬಂತು. 2021ರ ಜುಲೈನಲ್ಲಿ ಭಾರತ ಸರ್ಕಾರ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಇದರಿಂದ ನಮಗೇನು?

ಇಂದಿನ ಪೊಲೀಸ್ ಪ್ರಕರಣಗಳಲ್ಲಿ ಬೇರೆ ವಿಧಾನ ಬಳಸುತ್ತಾರೆ. ಡಿಎನ್‌ಎಯ ಇಪ್ಪತ್ತರ ಆಸುಪಾಸು ಜಾಗಗಳನ್ನು ಒಟ್ಟಿಗೆ ನೋಡುತ್ತಾರೆ. ಒಂದು ಗುರುತು ಹತ್ತರಲ್ಲಿ ಒಬ್ಬರಿಗೆ, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಗುರುತು ಹತ್ತರಲ್ಲಿ ಒಬ್ಬರಿಗೆ ಇದ್ದರೆ, ಎರಡೂ ಇರುವವರು ನೂರಕ್ಕೆ ಒಬ್ಬರು. ಹೀಗೆ ಗುಣಿಸುತ್ತಾ ಹೋದರೆ ಬಹಳ ಬಲವಾದ ಸಾಕ್ಷ್ಯ ಸಿಗುತ್ತದೆ. ಆದರೆ ಈ ಹತ್ತರಲ್ಲಿ ಒಬ್ಬರು ಎಂಬ ಲೆಕ್ಕ ಎಲ್ಲ ಕಡೆ ಒಂದೇ ಇರುವುದಿಲ್ಲ. ನಮ್ಮ ಕಡೆ ಸೋದರಮಾವ, ಅಕ್ಕನ ಮಗಳ ನಡುವೆ ಮದುವೆ ಮಾಡುವ ರೂಢಿ ಇದೆ. ಹೀಗೆ ಒಳಗೊಳಗೇ ಸಂಬಂಧ ಬೆಳೆದ ಕಡೆ ಕೆಲವು ಗುರುತು ಹೆಚ್ಚು ಜನರಲ್ಲಿ ಇರಬಹುದು. ಬೇರೆ ದೇಶದ ಲೆಕ್ಕವನ್ನು ಇಲ್ಲಿ ಹಾಕಿದರೆ ಸಾಕ್ಷ್ಯದ ತೂಕ ತಪ್ಪಾಗಿ ಕಾಣುತ್ತದೆ. ಆರೋಪಿ ಸ್ಥಾನದಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಫಾರ್ವರ್ಡ್ ನಿಜವೇ?

ಅಲ್ಲ. ಡಿಎನ್‌ಎಗೆ ಹೆಸರು ಗೊತ್ತಿಲ್ಲ. ಹೋಲಿಸಲು ಇನ್ನೊಂದು ಮಾದರಿಯೋ ಜನಸಮುದಾಯದ ಮಾಹಿತಿಯೋ ಇದ್ದರೆ ಮಾತ್ರ ಅದು ಮಾತಾಡುತ್ತದೆ. ವಂಶದ ಮೂಲದ ಸುಳಿವು ಕೊಡಬಹುದು, ಧರ್ಮದ್ದಲ್ಲ. ಕೆಟೆವಾನ್ ಪ್ರಾಣ ಬಿಟ್ಟಿದ್ದೇ ತನ್ನ ಧರ್ಮಕ್ಕಾಗಿ. ಆದರೂ ಆಕೆಯ ಮೂಳೆಯಲ್ಲಿ ಅದರ ಒಂದು ಗುರುತೂ ಇರಲಿಲ್ಲ. ಅದನ್ನು ನಮಗೆ ತಿಳಿಸಿದ್ದು ಕಂಡವರು ಬರೆದಿಟ್ಟ ಕಾಗದಗಳು.

ಮುಂದಿನ ಸಲ ಎಲ್ಲೋ ಅಸ್ಥಿಪಂಜರ ಸಿಕ್ಕಿದೆ, ಇಂಥ ಜಾತಿಯವರದೆಂದು ಡಿಎನ್‌ಎಯಲ್ಲಿ ಬಂದಿದೆ ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಯಾವುದರ ಜೊತೆ ಹೋಲಿಸಿ ಹೇಳಿದ್ದಾರೆ?