ಎಸ್. ಆರ್. ರಂಗನಾಥನ್: ಅರಿವಿನ ಹಂಚಿಕೆ ಮತ್ತು ಸರ್ಕಾರದ ಹೊಣೆ

ಭಾರತದಲ್ಲಿ ಗ್ರಂಥಾಲಯ ವಿಜ್ಞಾನವೆಂಬ ಶಾಸ್ತ್ರವನ್ನು ಕಟ್ಟಿ ನಿಲ್ಲಿಸಿದವರೆಂದು ಶಿಯಾಳಿ ರಾಮಾಮೃತ ರಂಗನಾಥನ್ ಅವರನ್ನು ವಿದ್ವತ್ ವಲಯ ಗೌರವಿಸುತ್ತ ಬಂದಿದೆ. ಅವರ ಪಂಚಸೂತ್ರಗಳೂ ದ್ವಿಬಿಂದು ವರ್ಗೀಕರಣವೂ ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ನಿತ್ಯಪಾಠ. ಆದರೆ ಅವರ ಬದುಕಿನ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಂಶೋಧನೆಯಿಂದ ಹುಟ್ಟಿದ ತಿಳಿವಳಿಕೆಯನ್ನು ಅದು ಬೇಕಾದವನಿಗೆ ಮುಟ್ಟಿಸುವುದು ಸರ್ಕಾರದ ಕರ್ತವ್ಯಗಳಲ್ಲಿ ಒಂದು. ದಾನವಲ್ಲ, ಕಾನೂನಿನ ಬಲದಿಂದ ನಡೆಯಬೇಕಾದ ಕೆಲಸ ಎಂಬುದನ್ನು ಅವರು ನಾಲ್ಕು ದಶಕಗಳ ಕಾಲ ಬಿಡದೆ ಪ್ರತಿಪಾದಿಸಿದರು. ಸ್ವತಂತ್ರ ಭಾರತದ ಆಡಳಿತ ಈ ವಾದದ ಅರ್ಧವನ್ನು ಮಾತ್ರ ಒಪ್ಪಿತು. ಯಾವ ಅರ್ಧವನ್ನು ಒಪ್ಪಿತು, ಯಾವುದನ್ನು ಬಿಟ್ಟಿತು ಎಂಬುದರಲ್ಲಿ ಈ ದೇಶದ ಮಾಹಿತಿ ನೀತಿಯ ಚರಿತ್ರೆಯೇ ಅಡಗಿದೆ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲುವಿಕೆಯ ತೊಡಕಿತ್ತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ 1916ರಲ್ಲಿ ಎಂ.ಎ. ಪದವಿ ಪಡೆದರು, ಅಲ್ಲಿನ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರನ್ನು ಕೊನೆಯವರೆಗೂ ಗುರುವೆಂದು ನೆನೆದರು. ಸೈದಾಪೇಟೆಯಲ್ಲಿ ಅಧ್ಯಾಪನ ತರಬೇತಿ ಮುಗಿಸಿದ ಮೇಲೆ ಅವರಿಗೆ ದೊರೆತ ಮೊದಲ ನೆಲೆ ಮಂಗಳೂರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ಊರಿನ ಸರ್ಕಾರಿ ಕಾಲೇಜಿನಲ್ಲಿ 1917ರಿಂದ 1920ರವರೆಗೆ ಅವರು ಪಾಠ ಹೇಳಿದರು. ಮುಂದೆ ಬೆಂಗಳೂರಿನಲ್ಲಿ ಕೊನೆಗೊಂಡ ಅವರ ವೃತ್ತಿಜೀವನ ಕನ್ನಡ ನಾಡಿನ ಕರಾವಳಿಯಲ್ಲಿಯೇ ಆರಂಭಗೊಂಡಿತೆಂಬುದು ಹಲವರಿಗೆ ತಿಳಿದಿಲ್ಲ. ಅನಂತರ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕೆಲಸ ಮಾಡಿದರು.

1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಪ್ರಥಮ ಗ್ರಂಥಪಾಲರಾಗಿ ಅವರು ನೇಮಕಗೊಂಡದ್ದು ಆಕಸ್ಮಿಕವೆಂದೇ ಹೇಳಬೇಕು. ಅಧ್ಯಾಪಕರ ಸಂಬಳ ಅಲ್ಪವಾಗಿತ್ತು. ಗ್ರಂಥಪಾಲರ ಸಂಬಳ ಹೆಚ್ಚಾಗಿತ್ತು. ಆ ವೃತ್ತಿಯನ್ನು ಕುರಿತು ಅವರು ಬಲ್ಲದ್ದು, ಸಂದರ್ಶನಕ್ಕೆ ಕೆಲವು ದಿನ ಮುಂಚೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನವಷ್ಟೆ. ಓದುಗರ ಸುಳಿವೇ ಇಲ್ಲದ ಆ ನಿಶ್ಶಬ್ದ ಕೋಣೆಯಲ್ಲಿ ಕುಳಿತಿರಲಾರದೆ, ಸೇರಿದ ಕೆಲವೇ ದಿನಗಳಲ್ಲಿ ತಮ್ಮನ್ನು ಗಣಿತ ಬೋಧನೆಗೆ ಮರಳಿ ಕರೆಸಿಕೊಳ್ಳಬೇಕೆಂದು ಹಳೆಯ ಕಾಲೇಜಿಗೆ ಮೊರೆ ಹೋದರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೂ ಇದೇ ಮನಸ್ಸಿದ್ದರೆ ಹಳೆಯ ಹುದ್ದೆ ಕಾದಿರುತ್ತದೆಂಬ ಭರವಸೆಯ ಮೇಲೆ ಅವರು ಹಡಗು ಹತ್ತಿದರು.

ಆ ಪ್ರವಾಸ ಅವರನ್ನು ಬದಲಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ಓದುತ್ತ ನೂರಕ್ಕೂ ಮಿಕ್ಕ ಗ್ರಂಥಾಲಯಗಳನ್ನು ಸಂದರ್ಶಿಸಿದರು. ಕಾರ್ಮಿಕರ ಕೇರಿಗಳಲ್ಲಿ ಸಂಜೆಯ ಹೊತ್ತು ಗ್ರಂಥಾಲಯ ತುಂಬಿರುವುದನ್ನು ಅವರು ಕಂಡರು. ಇದಕ್ಕೆ ಆ ಜನರ ವಿಶೇಷ ವಿದ್ಯಾಪ್ರೇಮವೊಂದೇ ಕಾರಣವಲ್ಲ. ಸಾರ್ವಜನಿಕ ಗ್ರಂಥಾಲಯಗಳಿಗೆ ಅಲ್ಲಿ ಕಾನೂನಿನ ಆಸರೆಯೂ ತೆರಿಗೆಯ ಹಣವೂ ಇದ್ದವು ಎಂಬುದನ್ನು ಅವರು ಗುರುತಿಸಿಕೊಂಡರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯ ಬಿಡಿಭಾಗಗಳಿಂದ ಬಗೆಬಗೆಯ ಯಂತ್ರಗಳನ್ನು ಜೋಡಿಸುತ್ತಿದ್ದುದನ್ನು ಕಂಡದ್ದೇ ದ್ವಿಬಿಂದು ವರ್ಗೀಕರಣದ ಬೀಜವಾಯಿತು. ಸಿದ್ಧ ಪೆಟ್ಟಿಗೆಗಳಲ್ಲಿ ವಿಷಯಗಳನ್ನು ತುರುಕುವುದಕ್ಕೆ ಬದಲಾಗಿ, ವಿಷಯವನ್ನು ಅದರ ಘಟಕಗಳಾಗಿ ಬಿಡಿಸಿ, ಬೇಕಾದಂತೆ ದ್ವಿಬಿಂದುವಿನಿಂದ ಜೋಡಿಸುವುದು ಅದರ ತಿರುಳು. ಗದ್ದೆಯ ಭತ್ತಕ್ಕೆ ತಗಲುವ ಒಂದು ರೋಗ, ಅದರ ನಿವಾರಣೆ, ಅದು ಕಂಡ ಸೀಮೆ, ಕಂಡ ಕಾಲ ಇವೆಲ್ಲವೂ ಒಂದೇ ಸಂಕೇತದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ದಪ್ಪ ಗ್ರಂಥಗಳಿಗೆ ಇಷ್ಟು ಸೂಕ್ಷ್ಮತೆ ಬೇಕಿಲ್ಲ. ನಾಲ್ಕು ಪುಟದ ಸಂಶೋಧನ ಲೇಖನವನ್ನು ಸಾವಿರಾರು ಲೇಖನಗಳ ನಡುವಿನಿಂದ ಹೆಕ್ಕಿ ಕೊಡಬೇಕಾದಾಗ ಇದಿಲ್ಲದೆ ನಡೆಯದು. ಈ ಪದ್ಧತಿಯು 1933ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮುಂದೆ ಡಾಕ್ಯುಮೆಂಟೇಷನ್ ಎಂದು ಹೆಸರಾದ ಕ್ಷೇತ್ರಕ್ಕೆ ಬೇಕಾದ ಉಪಕರಣ ಹೀಗೆ ಆ ಕ್ಷೇತ್ರ ಭಾರತದಲ್ಲಿ ರೂಪುಗೊಳ್ಳುವ ಮೊದಲೇ ಸಿದ್ಧವಾಗಿತ್ತು.

ಮದರಾಸಿಗೆ ಮರಳಿದ ರಂಗನಾಥನ್ ಮತ್ತೆ ಗಣಿತದ ಹುದ್ದೆಯನ್ನು ಕೇಳಲಿಲ್ಲ. ಬೀರುಗಳ ಬೀಗ ತೆಗೆಸಿ ಪುಸ್ತಕಗಳನ್ನು ಓದುಗರ ಕೈಗೆ ನೇರವಾಗಿ ಸಿಗುವಂತೆ ಮಾಡಿದರು. ಗ್ರಂಥಾಲಯದ ವೇಳೆಯನ್ನು ವಿಸ್ತರಿಸಿದರು. ಓದುಗನ ಪ್ರಶ್ನೆಗೆ ಉತ್ತರ ಹುಡುಕಿಕೊಡುವ ಪರಾಮರ್ಶನ ಸೇವೆಯನ್ನು ಆರಂಭಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. 1931ರಲ್ಲಿ ಪಂಚಸೂತ್ರಗಳ ಗ್ರಂಥ ಹೊರಬಂತು. ಪುಸ್ತಕಗಳು ಕಾವಲಿಗಾಗಿ ಅಲ್ಲ, ಉಪಯೋಗಕ್ಕಾಗಿ ಇವೆಯೆಂಬ ಮೊದಲ ಸೂತ್ರವನ್ನು ಎಲ್ಲರೂ ಬಲ್ಲರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಎರಡನೆಯ ಸೂತ್ರದ ವಿವರಣೆಯನ್ನು ಗಮನವಿಟ್ಟು ಓದಿದವರು ಕಡಮೆ. ಅಲ್ಲಿ ಕರ್ತವ್ಯಗಳನ್ನು ಹಂಚುವಾಗ ರಂಗನಾಥನ್ ಸಿಬ್ಬಂದಿಯ ಹೊಣೆಯನ್ನೂ ಓದುಗನ ಹೊಣೆಯನ್ನೂ ಹೇಳುತ್ತಾರೆ. ಜೊತೆಗೆ ರಾಜ್ಯದ ಹೊಣೆಯನ್ನು, ಅಂದರೆ ಹಣ ಒದಗಿಸುವ, ಕಾನೂನು ಮಾಡುವ, ಸಂಸ್ಥೆಗಳನ್ನು ಪರಸ್ಪರ ಹೊಂದಿಸುವ ಹೊಣೆಯನ್ನು ವಿಸ್ತಾರವಾಗಿ ನಿರೂಪಿಸುತ್ತಾರೆ. ಗ್ರಂಥಾಲಯ ವಿಜ್ಞಾನದ ಮೂಲಗ್ರಂಥವೊಂದು ಹೀಗೆ ರಾಜನೀತಿಯ ಗ್ರಂಥವೂ ಆಗಿರುವುದು ಗಮನಾರ್ಹ.

ಇದು ಬರಿಯ ತಾತ್ತ್ವಿಕ ನಿಲುವಾಗಿರಲಿಲ್ಲ. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಇಟ್ಟಿದ್ದರು. ವಸಾಹತು ಸರ್ಕಾರದ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿ ಅದು ಕಾನೂನಾಗಲಿಲ್ಲ. ಸ್ವಾತಂತ್ರ್ಯಾನಂತರ, ಅವಿನಾಶಿಲಿಂಗಂ ಚೆಟ್ಟಿಯಾರರು ಶಿಕ್ಷಣ ಸಚಿವರಾಗಿದ್ದಾಗ, 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಯಿತು. ಸ್ವತಂತ್ರ ಭಾರತದ ಪ್ರಥಮ ಗ್ರಂಥಾಲಯ ಕಾಯಿದೆ ಇದೇ. ಆಸ್ತಿ ತೆರಿಗೆಯ ಮೇಲಿನ ಅಧಿಭಾರದಿಂದ ಗ್ರಂಥಾಲಯಕ್ಕೆ ಖಚಿತ ವರಮಾನವನ್ನು ಅದು ಕಲ್ಪಿಸಿತು.

ಅಷ್ಟರಲ್ಲಿ ಅವರು ಮದರಾಸನ್ನು ಬಿಟ್ಟಾಗಿತ್ತು. ರಾಧಾಕೃಷ್ಣನ್ ಅವರ ಆಹ್ವಾನದ ಮೇರೆಗೆ 1945ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ, ಎರಡು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಬಹುಮಟ್ಟಿಗೆ ಒಬ್ಬರೇ ವರ್ಗೀಕರಿಸಿದರು. 1947ರಲ್ಲಿ ಮಾರಿಸ್ ಗ್ವೈಯರ್ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಬರಮಾಡಿಕೊಂಡರು. ದೆಹಲಿಯ ಈ ವರ್ಷಗಳೇ ಅವರನ್ನು ಕೇಂದ್ರ ಸರ್ಕಾರದ ವಿಜ್ಞಾನ ನೀತಿಯ ಹತ್ತಿರಕ್ಕೆ ತಂದವು.

ಆ ಕಾಲದ ಹಿನ್ನೆಲೆಯನ್ನು ತುಸು ನೆನೆಯಬೇಕು. ಎರಡನೆಯ ಮಹಾಯುದ್ಧ ವಿಜ್ಞಾನವನ್ನು ಸರ್ಕಾರಗಳ ಸೊತ್ತನ್ನಾಗಿ ಮಾಡಿತ್ತು. ಯುದ್ಧ ಮುಗಿದೊಡನೆ, ಗುಟ್ಟಾಗಿ ಉಳಿದಿದ್ದ ಸಂಶೋಧನ ವರದಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಎಲ್ಲೆಡೆ ಎದ್ದಿತು. ಅಮೆರಿಕದಲ್ಲಿ ವನ್ನೆವರ್ ಬುಷ್ ಅವರು 1945ರ ತಮ್ಮ ವರದಿಯಲ್ಲಿ, ಭದ್ರತೆಗೆ ಅಡ್ಡಿಯಾಗದಷ್ಟು ಮಟ್ಟಿಗೆ ಅವನ್ನು ಬೇಗನೆ ಬಿಡುಗಡೆ ಮಾಡಬೇಕೆಂದು ವಾದಿಸಿದರು. 1948ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ವೈಜ್ಞಾನಿಕ ಮಾಹಿತಿಯನ್ನು ಕುರಿತೇ ಒಂದು ಸಮ್ಮೇಳನವನ್ನು ನಡೆಸಿತು. ಭಾರತದ ಸಮಸ್ಯೆ ಬೇರೆಯಾಗಿತ್ತು. ಇಲ್ಲಿ ಮುಚ್ಚಿಟ್ಟ ವರದಿಗಳಿಗಿಂತ, ಎಲ್ಲಿದೆಯೆಂದೇ ತಿಳಿಯದ ಪತ್ರಿಕೆಗಳು ದೊಡ್ಡ ತೊಡಕಾಗಿದ್ದವು. 1950ರಲ್ಲಿ ಪುಣೆಯಲ್ಲಿ ರಾಸಾಯನಿಕ ಪ್ರಯೋಗಾಲಯವೂ ಮೈಸೂರಿನಲ್ಲಿ ಆಹಾರ ಸಂಶೋಧನಾಲಯವೂ ಬಾಗಿಲು ತೆರೆದವು. ಅಲ್ಲಿನ ವಿಜ್ಞಾನಿಗೆ ಬೇಕಾದ ಲೇಖನ ಕಲ್ಕತ್ತೆಯ ಯಾವುದೋ ಗ್ರಂಥಾಲಯದಲ್ಲಿದ್ದರೂ ಅದನ್ನು ತರಿಸಿಕೊಡುವ ವ್ಯವಸ್ಥೆ ಇರಲಿಲ್ಲ. ವಿದೇಶೀ ವಿನಿಮಯದ ಅಭಾವದಲ್ಲಿ ಪ್ರತಿ ಸಂಸ್ಥೆಯೂ ಪ್ರತಿ ಪತ್ರಿಕೆಯನ್ನು ಕೊಳ್ಳುವಂತೆಯೂ ಇರಲಿಲ್ಲ.

ಭಾರತೀಯ ಮಾನಕ ಸಂಸ್ಥೆಯ ಡಾಕ್ಯುಮೆಂಟೇಷನ್ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿದ್ದ ರಂಗನಾಥನ್ ಅವರು, ಪತ್ರಿಕೆಗಳ ವಿನ್ಯಾಸ ಹೇಗಿರಬೇಕೆಂಬ ಚಿಕ್ಕ ಸಂಗತಿಯಿಂದ ಹಿಡಿದು ರಾಷ್ಟ್ರೀಯ ಕೇಂದ್ರವೊಂದರ ಅಗತ್ಯದವರೆಗೆ ಎಲ್ಲವನ್ನೂ ಸರ್ಕಾರದ ಮುಂದಿಟ್ಟರು. ಅವರ ಒತ್ತಾಯಕ್ಕೆ ಶಾಂತಿಸ್ವರೂಪ ಭಟ್ನಾಗರ್ ಅವರ ನೇತೃತ್ವದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತಿನ ಬೆಂಬಲವೂ ಯುನೆಸ್ಕೋ ನೆರವೂ ಕೂಡಿ, 1952ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಆವರಣದಲ್ಲಿ ಇನ್ಸ್‌ಡಾಕ್ ಎಂಬ ಕೇಂದ್ರ ಹುಟ್ಟಿತು. ಸೋವಿಯತ್ ರಷ್ಯ ತನ್ನ ವೈಜ್ಞಾನಿಕ ಮಾಹಿತಿ ಸಂಸ್ಥೆಯನ್ನು ತೆರೆದದ್ದೂ ಅದೇ ವರ್ಷ. ದೇಶದ ಯಾವ ಮೂಲೆಯ ವಿಜ್ಞಾನಿಯಾದರೂ ಬರೆದು ಕೇಳಿದರೆ ಲೇಖನವನ್ನು ಹುಡುಕಿ, ಅದರ ಛಾಯಾಪ್ರತಿ ತೆಗೆದು ಕಳುಹಿಸುವುದು, ರಷ್ಯನ್, ಜರ್ಮನ್ ಮೊದಲಾದ ಭಾಷೆಗಳ ಲೇಖನಗಳನ್ನು ಅನುವಾದಿಸಿ ಕೊಡುವುದು, ಗ್ರಂಥಸೂಚಿಗಳನ್ನು ಸಿದ್ಧಪಡಿಸುವುದು ಅದರ ಕೆಲಸಗಳಾದವು. ಕೇಂದ್ರವು 1954ರಲ್ಲಿ ಆರಂಭಿಸಿದ ಗ್ರಂಥಾಲಯ ವಿಜ್ಞಾನದ ತ್ರೈಮಾಸಿಕಕ್ಕೆ ರಂಗನಾಥನ್ ಅವರೇ ಸಂಪಾದಕರಾದರು.

ಸರ್ಕಾರ ಒಪ್ಪಿದ ಅರ್ಧ ಇದು. ಉಳಿದರ್ಧದ ಕಥೆ ಬೇರೆ. 1950ರಲ್ಲಿಯೇ ಅವರು ಇಡೀ ದೇಶಕ್ಕೆ ಮೂವತ್ತು ವರ್ಷಗಳ ಗ್ರಂಥಾಲಯ ಯೋಜನೆಯೊಂದನ್ನು, ಕೇಂದ್ರಕ್ಕೂ ರಾಜ್ಯಗಳಿಗೂ ಬೇಕಾದ ಮಸೂದೆಗಳ ಸಮೇತ, ಪ್ರಕಟಿಸಿದ್ದರು. ರಾಷ್ಟ್ರೀಯ ಕೇಂದ್ರ ಗ್ರಂಥಾಲಯದಿಂದ ಹಳ್ಳಿಯ ಪುಸ್ತಕ ವಿತರಣೆಯವರೆಗೆ ಒಂದೇ ಜಾಲವನ್ನು ಅವರು ಅಲ್ಲಿ ಕಲ್ಪಿಸಿದ್ದರು. ವಿಜ್ಞಾನಿಯ ಲೇಖನವೂ ರೈತನ ಕೈಪಿಡಿಯೂ ಅವರ ದೃಷ್ಟಿಯಲ್ಲಿ ಎರಡು ಇಲಾಖೆಗಳ ವಿಷಯಗಳಾಗಿರಲಿಲ್ಲ. ಆಡಳಿತ ಅವನ್ನು ಬೇರ್ಪಡಿಸಿತು. ಪ್ರಯೋಗಾಲಯಗಳಿಗೆ ಮಾಹಿತಿ ಒದಗಿಸುವುದು ಕೈಗಾರಿಕಾಭಿವೃದ್ಧಿಯ ಅಂಗವೆಂದು ಹಣ ಪಡೆಯಿತು. ಸಾರ್ವಜನಿಕ ಗ್ರಂಥಾಲಯ ರಾಜ್ಯಗಳ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಾಯಿತು. ಕೇಂದ್ರ ಮಸೂದೆ ಕಾನೂನಾಗಲೇ ಇಲ್ಲ. ಹೈದರಾಬಾದ್ 1955ರಲ್ಲಿ, ಆಂಧ್ರ 1960ರಲ್ಲಿ, ಮೈಸೂರು 1965ರಲ್ಲಿ, ಮಹಾರಾಷ್ಟ್ರ 1967ರಲ್ಲಿ ಕಾಯಿದೆ ಮಾಡಿದವು. ಮೈಸೂರಿನ ಕಾಯಿದೆಯಲ್ಲಿ ಗ್ರಂಥಾಲಯ ಕರಕ್ಕೆ ಅವಕಾಶವಿದೆ, ಮಹಾರಾಷ್ಟ್ರದ್ದರಲ್ಲಿ ಅದಿಲ್ಲ. ಕರವಿಲ್ಲದ ಕಾಯಿದೆ ರಂಗನಾಥನ್ ಅವರ ಲೆಕ್ಕದಲ್ಲಿ ಅರೆಬರೆಯ ಕಾಯಿದೆಯೇ ಸರಿ.

ದೋಷವೆಲ್ಲ ಆಡಳಿತದ್ದೆಂದರೆ ಅದು ಅತಿರೇಕದ ಮಾತಾದೀತು. ರಂಗನಾಥನ್ ಅವರ ಗಣಿತಪ್ರಜ್ಞೆ ಸೂತ್ರ, ಉಪಸೂತ್ರ, ನಿಯಮಗಳನ್ನು ಹೆಣೆಯುವುದರಲ್ಲಿ ತಣಿಯುತ್ತಿರಲಿಲ್ಲ. ಬದುಕಿರುವಾಗಲೇ ದ್ವಿಬಿಂದು ವರ್ಗೀಕರಣದ ಆರು ಆವೃತ್ತಿಗಳು ಹೊರಬಂದವು. ಪ್ರತಿ ಆವೃತ್ತಿಯೂ ಹಿಂದಿನದನ್ನು ತಿದ್ದಿತು. ಸಿದ್ಧಾಂತದ ದೃಷ್ಟಿಯಿಂದ ಇದು ಬೆಳವಣಿಗೆ. ಐವತ್ತು ಸಾವಿರ ಪುಸ್ತಕಗಳ ಬೆನ್ನಿನ ಮೇಲೆ ಸಂಖ್ಯೆ ಬರೆಸಿದ ಗ್ರಂಥಪಾಲನಿಗೆ ಸಂಕಟ. ಭಾರತದ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿ ಅವರ ದಶಮಾಂಶ ಪದ್ಧತಿಯನ್ನೇ ಹಿಡಿದದ್ದಕ್ಕೆ ಇದೂ ಒಂದು ಕಾರಣ. ವಿಚಿತ್ರವೆಂದರೆ, ಅವರ ವಿಚಾರಗಳು ಆಳವಾಗಿ ಬೇರೂರಿದ್ದು ಇಂಗ್ಲೆಂಡಿನಲ್ಲಿ. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿ ಅವರ ಸರಪಳಿ ಸೂಚೀಕರಣವನ್ನು ಅಳವಡಿಸಿಕೊಂಡಿತು. 1952ರಲ್ಲಿ ಅಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧಕರ ಗುಂಪು ಅವರ ವಿಶ್ಲೇಷಣ ಮಾರ್ಗವನ್ನು ಮುಂದುವರಿಸಿತು.

1955ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿದ್ದು, 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠ ಸ್ಥಾಪಿಸಲು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ವಿಶ್ವವಿದ್ಯಾಲಯ ಅನುದಾನ ಆಯೋಗದ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದರು. ಆದರೆ ಈ ಅವಧಿಯ ಮುಖ್ಯ ಸಾಧನೆ, ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ. ಇನ್ಸ್‌ಡಾಕ್‌ನಂಥ ಸಂಸ್ಥೆಗಳಿಗೆ ಯಂತ್ರಗಳನ್ನು ಯುನೆಸ್ಕೋ ಕೊಡಬಲ್ಲುದಾಗಿತ್ತು, ನುರಿತ ಜನರನ್ನಲ್ಲ. ಆ ಜನರನ್ನು ಬೆಂಗಳೂರು ತಯಾರಿಸತೊಡಗಿತು. ಎಪ್ಪತ್ತರ ಅಂಚಿನಲ್ಲಿದ್ದ ಗುರುಗಳು ಇಲ್ಲಿ ಲೋಹ, ಯಂತ್ರ, ಔಷಧಿ, ಕೃಷಿ ಮೊದಲಾದ ಕಿರುಕ್ಷೇತ್ರಗಳಿಗೆ ಆಳ ವರ್ಗೀಕರಣವನ್ನು ರಚಿಸುವ ಕೆಲಸಕ್ಕೆ ಶಿಷ್ಯರನ್ನು ಹಚ್ಚಿದರು. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಈ ದುಡಿಮೆಯ ನಡುವೆಯೇ 1967ರಲ್ಲಿ ಗಣಿತಜ್ಞ ರಾಮಾನುಜನ್ ಅವರ ಜೀವನವನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು. ಬಿಟ್ಟುಬಂದ ವಿಷಯದ ಮೇಲಿನ ಪ್ರೀತಿ ಆರಿರಲಿಲ್ಲವೆಂದು ಕಾಣುತ್ತದೆ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ನಿಧನರಾದರು. ಭಾರತಕ್ಕೆ ರಾಷ್ಟ್ರೀಯ ವೈಜ್ಞಾನಿಕ ಮಾಹಿತಿ ವ್ಯವಸ್ಥೆಯೊಂದು ಬೇಕೆಂದು ಯುನೆಸ್ಕೋ ತಜ್ಞ ಪೀಟರ್ ಲಾಜಾರ್ ವರದಿ ನೀಡಿದ್ದೂ ಆ ವರ್ಷವೇ. ಅದರ ಫಲವಾಗಿ 1977ರಲ್ಲಿ ನಿಸ್ಸಾಟ್ ಯೋಜನೆ ಆರಂಭವಾಯಿತು. ಇನ್ಸ್‌ಡಾಕ್ 2002ರಲ್ಲಿ ಮತ್ತೊಂದು ಸಂಸ್ಥೆಯೊಡನೆ ವಿಲೀನಗೊಂಡು ತನ್ನ ಹೆಸರನ್ನು ಕಳೆದುಕೊಂಡಿತು. ಬೆಂಗಳೂರಿನ ಕೇಂದ್ರ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿ ಪಾಠವನ್ನು ಮುಂದುವರಿಸಿದೆ. 1950ರ ಕೇಂದ್ರ ಗ್ರಂಥಾಲಯ ಮಸೂದೆ ಅವರ ಪುಸ್ತಕದ ಪುಟಗಳಲ್ಲಿಯೇ ಉಳಿದಿದೆ.